ಚಪ್ಪಟೆ ದಾಖಲೆ, ಎತ್ತರದ ಕಾಡು

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಕಾಡಿನ ಬಗ್ಗೆ ಎರಡು ಶತಮಾನಗಳಿಂದ ಕಾಗದಪತ್ರ ಬೆಳೆಯುತ್ತಲೇ ಬಂದಿದೆ. ಸರ್ವೆ ನಕ್ಷೆ, ಸೆಟ್ಲ್‌ಮೆಂಟ್ ವರದಿ, ಮರ ಕಡಿಯುವ ಕೂಪಿನ ಲೆಕ್ಕ, ಡಿಪೊದ ನಾಟಾ ಪುಸ್ತಕ, ಪಹಣಿ, ಈಚೆಗೆ ಉಪಗ್ರಹದ ಚಿತ್ರ, ಎಲ್ಲವೂ ಇವೆ. ಇಷ್ಟಿದ್ದೂ ಕಾಡಿನ ಒಂದು ಮುಖ್ಯ ಗುಣ ಈ ದಾಖಲೆಗಳ ಕೈಗೆ ಸಿಗಲಿಲ್ಲ. ಅದು ಕಾಡಿನ ಎತ್ತರ. ಆ ಎತ್ತರದೊಳಗೆ ಒಂದರ ಕೆಳಗೊಂದು ನಿಂತ ಅಂತಸ್ತುಗಳು. ಎಕರೆ, ಗುಂಟೆ, ಘನ ಅಡಿ, ಹೆಕ್ಟೇರ್, ಶೇಕಡಾವಾರು ಹಸಿರು, ಇವೆಲ್ಲ ಕಾಡನ್ನು ನೆಲಕ್ಕೆ ಒತ್ತಿ ಚಪ್ಪಟೆ ಮಾಡಿ ತೆಗೆದ ಅಳತೆಗಳು. ಇದನ್ನು ಬರೀ ತಾಂತ್ರಿಕ ಕೊರತೆಯೆಂದು ಬಿಟ್ಟುಬಿಡುವಂತಿಲ್ಲ ಎಂಬುದು ಈ ಬರಹದ ವಾದ. ಈ ಚಪ್ಪಟೆತನವೇ ಮೂರು ತಾಲ್ಲೂಕುಗಳ ಕಾಡಿನ ಗತಿಯನ್ನು ಬಹುಮಟ್ಟಿಗೆ ತೀರ್ಮಾನಿಸಿತು. ಲೆಕ್ಕದಲ್ಲಿ ಇಲ್ಲದ್ದು ಕಳೆದುಹೋದಾಗ ಅದನ್ನು ನಷ್ಟವೆಂದು ಬರೆಯಲು ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ. ಬೆಳಕಿನ ಕಣಗಳನ್ನು ಒಂದೊಂದಾಗಿ ಹಿಡಿದು, ಪ್ರತಿಯೊಂದೂ ಬಂದ ಕ್ಷಣವನ್ನು ಬರೆದಿಡುವ ಉಪಕರಣಗಳು ಇದೀಗ ಆ ಕಾಲಮ್ಮನ್ನು ತೆರೆದಿವೆ. ಅದನ್ನು ಊರಿನವರು ತುಂಬಬೇಕೇ, ಹೊರಗಿನವರು ತುಂಬಿಕೊಂಡು ಹೋಗಬೇಕೇ ಎಂಬುದು ಉಳಿದ ಪ್ರಶ್ನೆ.

ಕಾಡನ್ನು ಅಂತಸ್ತಾಗಿ ಕಾಣುವ ತಿಳಿವಳಿಕೆ ಈ ಸೀಮೆಗೆ ಹೊಸದಲ್ಲ. ಇಲ್ಲಿನ ಅಡಿಕೆ ತೋಟವೇ ಅಂತಸ್ತಿನ ಬೇಸಾಯ. ಮೇಲೆ ಅಡಿಕೆಯ ತಲೆ, ಅದರ ಕಂಬಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಬಾಳೆ, ಕೆಳಗಿನ ತಂಪಿನಲ್ಲಿ ಏಲಕ್ಕಿ. ಒಂದೇ ಗುಂಟೆ ನೆಲದಿಂದ ನಾಲ್ಕು ಬೆಳೆ ತೆಗೆಯುವ ಗುಟ್ಟು ಇರುವುದು ಬಿಸಿಲನ್ನು ಮೇಲಿಂದ ಕೆಳಗೆ ಹಂಚುವುದರಲ್ಲಿ. ತೋಟದ ಹಿಂದೆ ಸೊಪ್ಪಿನಬೆಟ್ಟ. ಅಲ್ಲಿನ ಸೊಪ್ಪು, ದರಕು ಕೊಟ್ಟಿಗೆಗೆ ಬಂದು ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಬೆಟ್ಟದಾಚೆ ಕಾನು: ವರ್ಷವಿಡೀ ಹಸಿರಾಗಿರುವ ಎತ್ತರದ ಮರಗಳ, ಹಳ್ಳ ಹುಟ್ಟುವ ಕಾಡು, ಹಲವೆಡೆ ದೇವರ ಹೆಸರಿನಲ್ಲಿ ಕಾಯ್ದುಕೊಂಡು ಬಂದದ್ದು. ಟಿಪ್ಪು ಸತ್ತ ಎರಡೇ ವರ್ಷದಲ್ಲಿ, 1801ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಫ್ರಾನ್ಸಿಸ್ ಬುಕಾನನ್ ಯಲ್ಲಾಪುರ, ಸೋಂದಾ, ಶಿರಸಿಗಳ ಮೇಲೆ ಹಾದುಹೋದ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ತೋಟ, ಮೆಣಸು, ಗೊಬ್ಬರಗಳ ವಿವರ ಸಾಕಷ್ಟಿದೆ. ಕಾಡಿನ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿ ಫಸಲು ತೆಗೆಯುವ ಪದ್ಧತಿಯೂ ಅವನ ಕಣ್ಣಿಗೆ ಬಿದ್ದಿತ್ತು. ಅವನು ಬಂದದ್ದು ಆದಾಯದ ಮೂಲಗಳನ್ನು ಪಟ್ಟಿ ಮಾಡಲು, ನಿಜ. ಆದರೂ ನಡೆದು ನೋಡಿದವನ ಬರಹದಲ್ಲಿ ಕಾಡು ಇನ್ನೂ ಮೂರು ಆಯಾಮದ ವಸ್ತುವಾಗಿಯೇ ಉಳಿದಿದೆ. ಅದನ್ನು ಎರಡಕ್ಕೆ ಇಳಿಸಿದ್ದು ಅವನ ನಂತರ ಬಂದ ಸರಪಳಿ.

ಸರ್ವೆ ಸರಪಳಿಯ ಗಣಿತ ಸರಳ. ಗುಡ್ಡ ಎಷ್ಟೇ ಕಡಿದಾಗಿರಲಿ, ನಕ್ಷೆಗೆ ಬರುವುದು ಅದರ ನೆಲಮಟ್ಟದ ನೆರಳಷ್ಟೆ. ಇಳಿಜಾರೇ ಹೆಚ್ಚಿರುವ ಘಟ್ಟದ ಊರುಗಳಲ್ಲಿ ಭೂಮಿಯೇ ಹೀಗೆ ಮೊದಲು ಚಪ್ಪಟೆಯಾಯಿತು. ಮರದ ಸರದಿ ಆಮೇಲೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರುವ ಮೊದಲೇ ಇಲ್ಲಿನ ಸಾಗವಾನಿಯ ಮೇಲೆ ಹಡಗು ಕಟ್ಟುವವರ ಕಣ್ಣು ಬಿದ್ದಿತ್ತು. ಮುಂಬಯಿ ಪ್ರಾಂತಕ್ಕೆ 1847ರಲ್ಲಿ ಅಲೆಗ್ಸಾಂಡರ್ ಗಿಬ್ಸನ್ ಮೊದಲ ಅರಣ್ಯ ಸಂರಕ್ಷಕನಾದ. ಅರಣ್ಯ ಇಲಾಖೆ ರೂಢಿಗೆ ತಂದ ಅಳತೆ ಎರಡು. ನಿಂತ ಮರಕ್ಕೆ ಎದೆಮಟ್ಟದ ಸುತ್ತಳತೆ, ಅಂದರೆ ನೆಲದಿಂದ ನಾಲ್ಕೂವರೆ ಅಡಿಯಲ್ಲಿ ಟೇಪು ಸುತ್ತಿದಾಗ ಬರುವ ಅಂಕಿ. ಬಿದ್ದ ಮರಕ್ಕೆ ಘನ ಅಡಿ: ಸುತ್ತಳತೆಯ ಕಾಲುಭಾಗದ ವರ್ಗವನ್ನು ಉದ್ದದಿಂದ ಗುಣಿಸಿದರೆ ನಾಟಾದ ಲೆಕ್ಕ ಸಿಕ್ಕಿತು. ನೂರು ಅಡಿ ಎತ್ತರದ ಮರದ ಬಗ್ಗೆ ಇಲಾಖೆ ತನ್ನ ಕೈಯಾರೆ ಮುಟ್ಟಿ ಬರೆದದ್ದು ನಾಲ್ಕೂವರೆ ಅಡಿಯ ಒಂದು ಉಂಗುರವನ್ನು ಮಾತ್ರ. ಮಿಕ್ಕದ್ದು ಕೋಷ್ಟಕದಿಂದ ಊಹಿಸಿದ್ದು. ರೆಂಬೆ, ಬಳ್ಳಿ, ಮರದ ಮೇಲಿನ ಜೇನು, ನಡುವಿನ ಸಣ್ಣಮರ, ಅಡಿಯ ಬೆತ್ತ, ಇವು ಲೆಕ್ಕಕ್ಕೆ ಬರಲಿಲ್ಲ. ಬಂದರೂ ಕಿರು ಉತ್ಪನ್ನ ಎಂಬ ತಲೆಬರಹದಡಿ ಹರಾಜಿನ ಮೊತ್ತವಾಗಿ ಬಂದವು.

1878ರ ಅರಣ್ಯ ಕಾಯ್ದೆ, ಅದರ ಬೆನ್ನಿಗೆ ಬಂದ ಸೆಟ್ಲ್‌ಮೆಂಟುಗಳು ಈ ಅಳತೆಗೆ ಹಕ್ಕಿನ ಬಲ ಕೊಟ್ಟವು. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬ ಸವಲತ್ತು ರೂಪಗೊಂಡದ್ದು ಹೀಗೆ. ಒಂಬತ್ತು ಎಕರೆ ಎಂದು ಬರೆಯಬಹುದಿತ್ತು. ಆ ಒಂಬತ್ತು ಎಕರೆಯಲ್ಲಿ ಮರ ಎಷ್ಟೆತ್ತರ ಇರಬೇಕು, ಎಷ್ಟು ರೆಂಬೆ ಉಳಿಸಿ ಸೊಪ್ಪು ಕೊಯ್ಯಬೇಕು ಎಂಬುದನ್ನು ಅಳೆದು ಬರೆಯುವ ದಾರಿ ಇರಲಿಲ್ಲ. ಅದು ಬೆಟ್ಟ ಹಿಡಿದವರ ಎಚ್ಚರಕ್ಕೆ ಬಿಟ್ಟ ವಿಷಯವಾಯಿತು. ಎಚ್ಚರ ಇದ್ದವರ ಬೆಟ್ಟ ಇಂದಿಗೂ ಕಾಡಿನಂತಿದೆ. ಇಲ್ಲದವರದು ತುದಿ ಮೊಂಡಾದ ಕಂಬಗಳ ಸಾಲಾಗಿದೆ. ಪಹಣಿಯಲ್ಲಿ ಎರಡೂ ಒಂದೇ. ಬೆಟ್ಟ ಹಾಳಾಯಿತೆಂದು ಇಲಾಖೆ ರೈತರನ್ನು ದೂರಿದ್ದು, ನಮ್ಮಿಂದಲೇ ಕಾಡು ಉಳಿಯಿತೆಂದು ರೈತರು ಎದುರು ವಾದಿಸಿದ್ದು, ಈ ನೂರು ವರ್ಷ ಮೀರಿದ ಜಗಳಕ್ಕೆ ತೀರ್ಪು ಸಿಗದಿರಲು ಒಂದು ಕಾರಣ ಇಲ್ಲಿದೆ: ಇಬ್ಬರ ಕೈಯಲ್ಲೂ ಇದ್ದದ್ದು ವಿಸ್ತೀರ್ಣದ ಅಂಕಿ ಮಾತ್ರ.

ಎತ್ತರದ ಬಗ್ಗೆ ಯಾರೂ ಬರೆಯಲೇ ಇಲ್ಲ ಎಂದರೆ ತಪ್ಪಾದೀತು. ಡಬ್ಲ್ಯು. ಎ. ಟಾಲ್ಬೊಟ್ ಎಂಬ ಅರಣ್ಯಾಧಿಕಾರಿ 1909 ಮತ್ತು 1911ರಲ್ಲಿ ಎರಡು ಸಂಪುಟಗಳಲ್ಲಿ ಮುಂಬಯಿ ಪ್ರಾಂತದ ಕಾಡಿನ ಸಸ್ಯಗಳನ್ನು ವರ್ಣಿಸಿದ. ಅದಕ್ಕೆ ಉತ್ತರ ಕನ್ನಡದ ಕಾಡಿನ ಅನುಭವ ದೊಡ್ಡ ಆಧಾರ. ಪುದುಚೇರಿಯ ಫ್ರೆಂಚ್ ಸಂಸ್ಥೆ 1980ರ ದಶಕದಲ್ಲಿ ಪಶ್ಚಿಮ ಘಟ್ಟದ ಸಸ್ಯಸಂಪತ್ತಿನ ನಕ್ಷೆ ತಯಾರಿಸಿದಾಗ ಕಾಡಿನ ರಚನೆಯನ್ನೂ ಗಮನಿಸಿತು. ಪರಿಸರ ವಿಜ್ಞಾನಿ ಎಂ. ಡಿ. ಸುಭಾಷ್‌ಚಂದ್ರನ್ ಮತ್ತು ಅವರ ಸಂಗಡಿಗರು ಕಾನುಗಳ ಚರಿತ್ರೆಯನ್ನು ಮರ ಎಣಿಸುತ್ತ ಕಟ್ಟಿಕೊಟ್ಟರು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜೌಗಿನಲ್ಲಿ ಬೆಳೆಯುವ ಗೇರಿನ ಕುಟುಂಬದ ಒಂದು ಮರ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೊಸ ಹೆಸರಿನಿಂದ ವಿಜ್ಞಾನಕ್ಕೆ ಪರಿಚಯವಾದದ್ದು 2000ದಲ್ಲಿ. ಆದರೆ ಇವು ಪಂಡಿತರ ಪುಸ್ತಕಗಳು, ಇಲ್ಲವೇ ಕೆಲವು ತುಂಡು ನೆಲದ ಎಣಿಕೆಗಳು. ಯಾವ ಸರ್ವೆ ನಂಬರಿನ ಮರ ಕಡಿಯಬಹುದು, ಯಾವ ಕಣಿವೆ ಮುಳುಗಿಸಬಹುದು ಎಂದು ತೀರ್ಮಾನಿಸುವ ಮೇಜಿನ ಮೇಲೆ ಇದ್ದ ಕಡತ ಬೇರೆ. ಆ ಕಡತದ ಭಾಷೆ ಎಕರೆ ಮತ್ತು ಘನ ಅಡಿ.

ಸ್ವಾತಂತ್ರ್ಯದ ನಂತರ ಈ ಭಾಷೆ ಬದಲಾಗಲಿಲ್ಲ, ಅದರ ವೇಗ ಹೆಚ್ಚಿತು. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು, ಪ್ಲೈವುಡ್ಡಿಗೆ ಮೃದುಮರ, ಸಾಗವಾನಿ ಮತ್ತು ನೀಲಗಿರಿ ನೆಡುತೋಪಿಗೆ ಸಹಜ ಕಾಡಿನ ಸಪಾಟು ಕಡಿತ. ನೂರು ಹೆಕ್ಟೇರ್ ಕಾನು ಹೋಗಿ ನೂರು ಹೆಕ್ಟೇರ್ ಸಾಗವಾನಿ ಬಂದರೆ ಅರಣ್ಯದ ವಿಸ್ತೀರ್ಣ ಒಂದು ಗುಂಟೆಯೂ ಕಡಿಮೆಯಾಗುವುದಿಲ್ಲ. ಹಳ್ಳ ಬತ್ತಿದ್ದನ್ನು ಕಂಡ ಊರಿನವರ ದೂರಿಗೆ ಕಡತ ಕೊಡುತ್ತಿದ್ದ ಉತ್ತರ ಇದೇ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಜನ ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತರು. ಪಾಂಡುರಂಗ ಹೆಗಡೆಯವರ ಮುಂದಾಳತನದ ಅಪ್ಪಿಕೋ ಚಳವಳಿಯನ್ನು ಸಾಮಾನ್ಯವಾಗಿ ಮರದ ಮೇಲಿನ ಪ್ರೀತಿಯ ಕಥೆಯಾಗಿ ಹೇಳುತ್ತಾರೆ. ಅದು ಲೆಕ್ಕದ ಜಗಳವೂ ಹೌದು. ಇಲಾಖೆ ತೋರಿಸುತ್ತಿದ್ದದ್ದು ಸುತ್ತಿಗೆ ಗುರುತು ಬಿದ್ದ ಮರಗಳ ಸಂಖ್ಯೆ; ಜನ ತೋರಿಸಿದ್ದು ಗುರುತಿನ ಮರ ಉರುಳುವಾಗ ಅದರ ಜೊತೆ ಮುರಿದು ಬೀಳುವ ನಡುಮರ, ಸಸಿ, ಬಳ್ಳಿಗಳನ್ನು. ಮೇಲಂತಸ್ತಿನ ಒಂದನ್ನು ತೆಗೆದರೆ ಕೆಳಗಿನ ಅಂತಸ್ತುಗಳು ಏನಾಗುತ್ತವೆ ಎಂಬ ಪ್ರಶ್ನೆ ಅದು, ಮತ್ತು ಕಡತದಲ್ಲಿ ಅದಕ್ಕೆ ಜಾಗವಿರಲಿಲ್ಲ. ಅದಕ್ಕೂ ಮುಂಚೆ, 1981ರ ಜನವರಿಯಲ್ಲಿ, ಬೇಡ್ತಿ ನದಿಯ ಜಲವಿದ್ಯುತ್ ಯೋಜನೆಯ ಲಾಭನಷ್ಟವನ್ನು ತೋಟಗಾರರ ಸೇಲ್ ಸೊಸೈಟಿಯ ಆಶ್ರಯದಲ್ಲಿ ಶಿರಸಿಯಲ್ಲೇ ತಜ್ಞರನ್ನು ಕೂರಿಸಿ ಪರಿಶೀಲಿಸಿದ್ದರು. ಅಂಕಿಗೆ ಅಂಕಿಯಿಂದಲೇ ಉತ್ತರ ಕೊಟ್ಟ ಆ ಪ್ರಸಂಗ ನನ್ನ ದೃಷ್ಟಿಯಲ್ಲಿ ಈ ಜಿಲ್ಲೆಯ ಆಧುನಿಕ ಚರಿತ್ರೆಯ ಅತಿ ಮುಖ್ಯ ಘಟನೆಗಳಲ್ಲೊಂದು. ಯೋಜನೆ ಬದಿಗೆ ಸರಿಯಿತು. ಭಾವನೆಯಷ್ಟೇ ಆ ಕೆಲಸ ಮಾಡುತ್ತಿರಲಿಲ್ಲ.

ಉಪಗ್ರಹ ಬಂದ ಮೇಲೆ ಚಪ್ಪಟೆತನ ಹೋಗಬೇಕಿತ್ತು. ಅದು ಇನ್ನೂ ನುಣುಪಾಯಿತು. 1981ರಲ್ಲಿ ಹುಟ್ಟಿದ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1987ರಿಂದ ದೇಶದ ಅರಣ್ಯ ಸ್ಥಿತಿಯ ವರದಿ ಕೊಡುತ್ತಿದೆ. ಅದರ ವ್ಯಾಖ್ಯೆಯ ಪ್ರಕಾರ ಕನಿಷ್ಠ ಒಂದು ಹೆಕ್ಟೇರ್ ಇರುವ, ಮರದ ನೆತ್ತಿಯ ಹಸಿರು ನೂರಕ್ಕೆ ಹತ್ತು ಭಾಗವಾದರೂ ನೆಲವನ್ನು ಮುಚ್ಚಿದ ಯಾವ ಜಾಗವೂ ಅರಣ್ಯ ಹೊದಿಕೆಯೇ. ಒಡೆತನ ಯಾರದು, ಮರ ಯಾವುದು ಎಂದು ಕೇಳುವುದಿಲ್ಲ. ನೂರಕ್ಕೆ ಎಪ್ಪತ್ತು ಮುಚ್ಚಿದ್ದರೆ ಅತಿ ದಟ್ಟ, ನಲವತ್ತರಿಂದ ಎಪ್ಪತ್ತು ಮಧ್ಯಮ, ಹತ್ತರಿಂದ ನಲವತ್ತು ವಿರಳ. ಆಕಾಶದಿಂದ ತೆಗೆದ ಮಾಮೂಲು ಚಿತ್ರ ನೋಡಬಲ್ಲದ್ದು ನೆತ್ತಿಯನ್ನು ಮಾತ್ರ. ಆದ್ದರಿಂದ ಈ ವ್ಯಾಖ್ಯೆ ಉಪಕರಣಕ್ಕೆ ಪ್ರಾಮಾಣಿಕವಾಗಿದೆ. ಆದರೆ ಶಿರಸಿ, ಸಿದ್ದಾಪುರಗಳಂಥ ಕಡೆ ಇದರ ಪರಿಣಾಮ ವಿಚಿತ್ರ. ದಟ್ಟ ಅಡಿಕೆ ತೋಟ, ಅದರ ಪಕ್ಕದ ಅಕೇಶಿಯಾ ನೆಡುತೋಪು, ಅದರಾಚೆಯ ಮೂರು ಅಂತಸ್ತಿನ ಕಾನು, ಮೂರಕ್ಕೂ ಒಂದೇ ಬಣ್ಣ ಬೀಳಲು ಸಾಧ್ಯ. ಅಘನಾಶಿನಿ ಕಣಿವೆಯ ಸಿಂಗಳೀಕವನ್ನು ಇಲ್ಲಿ ನೆನೆಯಬೇಕು. ಮೇಲಂತಸ್ತಿನಲ್ಲೇ ಬದುಕು ಕಳೆದು ನೆಲಕ್ಕೆ ಅಪರೂಪಕ್ಕೆ ಇಳಿಯುವ ಈ ಪ್ರಾಣಿಗೆ ಬೇಕಾದ್ದು ಎತ್ತರದ ಕೊಂಬೆಯಿಂದ ಎತ್ತರದ ಕೊಂಬೆಗೆ ಕಡಿಯದೆ ಸಾಗುವ ದಾರಿ. 2011ರಲ್ಲಿ ಸಿದ್ದಾಪುರ, ಹೊನ್ನಾವರಗಳ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಅದರ ಹೆಸರಿನಲ್ಲೇ ಸಂರಕ್ಷಿತ ಮೀಸಲು ಎಂದು ಘೋಷಿಸಿದರು. ಮೀಸಲಿನ ಅಳತೆ ಚದರದಲ್ಲಿತ್ತು. ಸಿಂಗಳೀಕ ಬದುಕುವುದು ಎತ್ತರದಲ್ಲಿ.

ಎತ್ತರವನ್ನು ದೂರದಿಂದ ಅಳೆಯಲು ಕಾಲವನ್ನು ಅಳೆಯಬೇಕು. ಬಾವಿಗೆ ಕಲ್ಲು ಹಾಕಿ ಸಪ್ಪಳ ಕೇಳಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ಆಳ ತಿಳಿಯುವ ಹಾಗೆ, ಮೇಲಿಂದ ಲೇಸರ್ ಬೆಳಕಿನ ಮಿಡಿತ ಬಿಟ್ಟು ಅದು ಎಲೆಗೆ, ಕೊಂಬೆಗೆ, ನೆಲಕ್ಕೆ ತಾಗಿ ಮರಳಲು ಹಿಡಿದ ಹೊತ್ತನ್ನು ಗುರುತಿಸಿದರೆ ಒಂದೊಂದರ ಎತ್ತರ ಸಿಗುತ್ತದೆ. ತೊಡಕು ವೇಗದ್ದು. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ, 30 ಸೆಂಟಿಮೀಟರ್ ಸಾಗುತ್ತದೆ. ಹೋಗಿಬರುವ ದಾರಿ ಸೇರಿಸಿದರೆ ಒಂದು ನ್ಯಾನೊಸೆಕೆಂಡಿನ ವ್ಯತ್ಯಾಸ 15 ಸೆಂಟಿಮೀಟರ್ ಎತ್ತರಕ್ಕೆ ಸಮ. ಮೂವತ್ತು ಮೀಟರಿನ ಮರದ ತುದಿಗೂ ಬುಡಕ್ಕೂ ನಡುವೆ ಇರುವುದು ಬರೀ 200 ನ್ಯಾನೊಸೆಕೆಂಡ್. ಇನ್ನೊಂದು ತೊಡಕು ಬೆಳಕಿನ ಕೊರತೆ. ದೂರ ಹೆಚ್ಚಿದಂತೆ ಮರಳುವ ಬೆಳಕು ಕರಗಿ, ಕೊನೆಗೆ ಬಿಡಿ ಕಣಗಳಷ್ಟೇ ಉಳಿಯುತ್ತವೆ. 1969ರಲ್ಲಿ ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕದತ್ತ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯ ಲೇಸರ್ ಬಿಟ್ಟಾಗ ಮರಳಿದ್ದು ಎಣಿಸಬಹುದಾದಷ್ಟೇ ಕಣಗಳು. ಆ ಒಂದೊಂದು ಕಣಕ್ಕೂ ಗಡಿಯಾರ ಕಟ್ಟುವ ಕಸುಬು ಬೆಳೆದದ್ದು ಇಂಥ ಕೆಲಸಗಳಿಂದ.

ಕಣ ಹಿಡಿಯುವ ಬಲೆಗಳು ಮುಖ್ಯವಾಗಿ ಎರಡು ಬಗೆ. ಹಳೆಯದು ಫೋಟೊಮಲ್ಟಿಪ್ಲೈಯರ್ ನಳಿಗೆ. ಬೆಳಕಿನ ಕಣವೊಂದು ಅದರ ಲೇಪಕ್ಕೆ ತಾಗಿದರೆ ಒಂದು ಇಲೆಕ್ಟ್ರಾನ್ ಹಾರುತ್ತದೆ. ನಳಿಗೆಯೊಳಗಿನ ತಟ್ಟೆಗಳಿಗೆ ಬಡಿಯುತ್ತ ಒಂದು ಹಲವಾಗಿ, ಹಲವು ಲಕ್ಷಗಳಾಗಿ, ಅಳೆಯಬಹುದಾದ ವಿದ್ಯುತ್ ಮಿಡಿತವಾಗುತ್ತದೆ. ಹೊಸದು ಸಿಲಿಕಾನಿನದು. ಕುಸಿತದ ಅಂಚು ದಾಟಿಸಿದ ವೋಲ್ಟೇಜಿನಲ್ಲಿ ಒಂದು ಡಯೋಡನ್ನು ಹಿಡಿದಿಟ್ಟರೆ, ಒಂದೇ ಕಣದ ತಾಗುವಿಕೆ ಅದರೊಳಗೆ ಇಲೆಕ್ಟ್ರಾನುಗಳ ಪ್ರವಾಹ ಎಬ್ಬಿಸುತ್ತದೆ. ಅದಕ್ಕೆ ಜೋಡಿಸಿದ ವಿದ್ಯುತ್ ಮಂಡಲ ಆ ಕ್ಷಣವನ್ನು ಬರೆದುಕೊಂಡು, ಪ್ರವಾಹವನ್ನು ತಣಿಸಿ, ಮುಂದಿನ ಕಣಕ್ಕೆ ಸಜ್ಜಾಗುತ್ತದೆ. ಇಂಥ ಡಯೋಡನ್ನು ಚುರುಕಾಗಿ ತಣಿಸುವ ಮಂಡಲಗಳನ್ನು ಇಟಲಿಯ ಮಿಲಾನಿನಲ್ಲಿ ಸೆರ್ಜಿಯೊ ಕೋವಾ 1970ರ ದಶಕದಲ್ಲಿ ರೂಪಿಸಿದರು. ಸಾಮಾನ್ಯ ಚಿಪ್ ತಯಾರಿಸುವ ವಿಧಾನದಲ್ಲೇ ಡಯೋಡುಗಳನ್ನು ಸಾಲುಸಾಲಾಗಿ ಕೂರಿಸಲು ಸಾಧ್ಯವಾದದ್ದು 2000ದ ನಂತರ. ಹೀಗೆ ಸಾಲಾಗಿ ಕೂರಿಸಿದ್ದೇ ನಿಜವಾದ ತಿರುವು ಎಂದು ನನ್ನ ಎಣಿಕೆ. ಬಿಡಿ ಡಯೋಡ್ ಯಾವಾಗ ಎಂಬುದನ್ನು ಹೇಳುತ್ತದೆ, ಮಾಮೂಲು ಕ್ಯಾಮೆರಾ ಎಲ್ಲಿ ಎಂಬುದನ್ನು. ಪ್ರತಿ ಕೋಶಕ್ಕೂ ತನ್ನದೇ ಗಡಿಯಾರವಿರುವ ಸಾಲು ಎರಡನ್ನೂ ಒಟ್ಟಿಗೆ ಹೇಳುತ್ತದೆ. ವಿಮಾನದಿಂದ ನೆಲವನ್ನು ಅಳೆಯುವ ಏಕಕಣ ಲೈಡಾರ್ ಎಂಬ ಲೇಸರ್ ಅಳತೆ ನಿಂತಿರುವುದು ಇದರ ಮೇಲೆ. ಕೆಲವು ಮೊಬೈಲ್ ಫೋನುಗಳಲ್ಲಿ ಎದುರಿನ ವಸ್ತುವಿನ ದೂರ ತಿಳಿಯುವ ಚಿಕ್ಕ ಕಿಂಡಿಯೊಳಗೂ ಇದೇ ಕುಳಿತಿದೆ.

ಮೂರು ತಾಲ್ಲೂಕುಗಳಿಗೆ ಕಣ ಎಣಿಸುವ ಅಳತೆ ಬಂದದ್ದು ಆಕಾಶದಿಂದ. 2018ರ ಸೆಪ್ಟೆಂಬರ್ 15ರಂದು ನಾಸಾ ಹಾರಿಸಿದ ಐಸ್‌ಸ್ಯಾಟ್-2 ಉಪಗ್ರಹ ಧ್ರುವದಿಂದ ಧ್ರುವದತ್ತ ಸುತ್ತುವುದರಿಂದ ಭೂಮಿಯ ಬಹುತೇಕ ಎಲ್ಲ ಸೀಮೆಗಳ ಹಾಗೆ ಘಟ್ಟದ ಈ ಕಾಡುಗಳ ಮೇಲೂ ಹಾದುಹೋಗುತ್ತದೆ. ಅದರ ಮೂಲ ಗುರಿ ಹಿಮದ ಹಾಸು. ಕಾಡಿನ ಎತ್ತರ ಎರಡನೆಯ ಕೆಲಸ. ಸುಮಾರು 500 ಕಿಲೋಮೀಟರ್ ಮೇಲಿಂದ ಸೆಕೆಂಡಿಗೆ 10,000 ಮಿಡಿತಗಳಂತೆ ಹಸಿರು ಲೇಸರ್ ಆರು ಕಿರಣಗಳಾಗಿ ಕೆಳಗಿಳಿಯುತ್ತದೆ. ಸಾಗುವ ದಾರಿಯಲ್ಲಿ ಸರಿಸುಮಾರು 70 ಸೆಂಟಿಮೀಟರಿಗೊಂದು ಮಿಡಿತ ಬೀಳುತ್ತದೆ. ಪ್ರತಿ ಮಿಡಿತದಲ್ಲೂ ಲಕ್ಷ ಕೋಟಿಗಳ ಲೆಕ್ಕದಲ್ಲಿ ಹೊರಟ ಕಣಗಳ ಪೈಕಿ ದೂರದರ್ಶಕಕ್ಕೆ ಮರಳುವವು ಹತ್ತು ಹನ್ನೆರಡರಷ್ಟು. ಅವನ್ನು ಹಿಡಿಯುವುದು ಹದಿನಾರು ಕೋಶಗಳಿರುವ ಫೋಟೊಮಲ್ಟಿಪ್ಲೈಯರ್ ಸಾಲುಗಳು. ಒಂದೊಂದು ಕಣವೂ ತನ್ನ ಕ್ಷಣದೊಂದಿಗೆ ಕಡತಕ್ಕೆ ಸೇರುತ್ತದೆ. ಬಿಸಿಲಿನ ಕಣಗಳು ಗದ್ದಲವಾಗಿ ಚೆಲ್ಲಿಕೊಂಡಿರುವ ನಡುವೆ ನೆಲದಿಂದ ಬಂದವು ಒಂದು ಗೆರೆಯಾಗಿ, ಎಲೆಗಳಿಂದ ಬಂದವು ಅದರ ಮೇಲೆ ಮೋಡದ ಹಾಗೆ ನಿಲ್ಲುತ್ತವೆ. ಕಾನಿನಲ್ಲಿ ಆ ಹರಡು ಎತ್ತರದವರೆಗೂ ದಪ್ಪ; ಒಂದೇ ವಯಸ್ಸಿನ ನೆಡುತೋಪಿನಲ್ಲಿ ಮೇಲೊಂದು ಪದರ, ಕೆಳಗೆ ನೆಲ, ನಡುವೆ ಬರಿದು; ಅತಿಯಾಗಿ ಸೊಪ್ಪು ಕೊಯ್ದ ಬೆಟ್ಟದಲ್ಲಿ ಎಲ್ಲವೂ ತೆಳು. ಮೇಲಿಂದ ಒಂದೇ ಹಸಿರಾಗಿ ಕಂಡದ್ದು ಪಕ್ಕದಿಂದ ನೋಡಿದಾಗ ಬೇರೆ ಬೇರೆಯಾಗುವ ಬಗೆ ಇದು.

ಹೊರಗಿನವರ ಉಪಗ್ರಹದ ಕಥೆಯನ್ನು ಶಿರಸಿಯ ಚರಿತ್ರೆಗೆ ಯಾಕೆ ಅಂಟಿಸಬೇಕು ಎಂದು ಯಾರಾದರೂ ಕೇಳಬಹುದು. ಮಸುಕು ಬೆಳಕನ್ನು ಹಿಡಿದು ಕಾಲ ಗುರುತಿಸುವ ಕೆಲಸ ಕನ್ನಡ ನಾಡಿಗೆ ಹೊರಗಿನದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡುಗಳ ಸಂಗಡಿಗರೊಂದಿಗೆ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಕುರುಹು ಕಂಡರು. ಅಲ್ಲಿ ಪ್ಲಾಸ್ಟಿಕ್ ಹಲಗೆಗಳಲ್ಲಿ ಹೊಳೆಯುವ ನಸುಮಿಂಚನ್ನು ಹಿಡಿದದ್ದು ಫೋಟೊಮಲ್ಟಿಪ್ಲೈಯರ್. ಕಣ ಸಾಗಿದ ಹಾದಿಯ ಚಿತ್ರ ಕೊಟ್ಟದ್ದು ನಿಯಾನ್ ನಳಿಗೆಗಳ ಸಾಲು. ಕಾಲಕ್ಕೊಂದು, ಚಿತ್ರಕ್ಕೊಂದು ಎಂದು ಆಗ ಬೇರೆಯಾಗಿದ್ದ ಎರಡು ಕೆಲಸ ಐವತ್ತು ವರ್ಷದಲ್ಲಿ ಒಂದಾದವು. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಖಗೋಳ ಉಪಗ್ರಹ ಆಸ್ಟ್ರೊಸ್ಯಾಟ್‌ನ ಅತಿನೇರಳೆ ದೂರದರ್ಶಕ ಜೋಡಣೆಗೊಂಡದ್ದು ಹೊಸಕೋಟೆಯಲ್ಲಿ, ಭಾರತೀಯ ತಾರಾಭೌತ ಸಂಸ್ಥೆಯ ಆವರಣದಲ್ಲಿ. ಅದರ 512ಕ್ಕೆ 512 ಕೋಶಗಳ ಸಂವೇದಕ ನಕ್ಷತ್ರದ ಬೆಳಕನ್ನು ಕಣಕಣವಾಗಿ ಎಣಿಸುತ್ತದೆ. ಸಂವೇದಕಗಳು ಬಂದದ್ದು ಕೆನಡಾದ ಸಹಯೋಗದಿಂದ, ನಿಜ. ಅವುಗಳಿಂದ ಬಂದ ಕಣಪಟ್ಟಿಯಿಂದ ಚಿತ್ರ ಕಟ್ಟುವ ವಿದ್ಯೆ ಇಲ್ಲಿಯೂ ಬೆಳೆಯಿತು. ಇನ್ನೂ ಹಳೆಯ ಎಳೆಯೊಂದಿದೆ. 1928ರ ಮಾರ್ಚ್ 16ರಂದು ಸಿ. ವಿ. ರಾಮನ್ ತಮ್ಮ ಹೊಸ ಚದುರಿದ ಬೆಳಕಿನ ಬಗ್ಗೆ ವಿಸ್ತಾರವಾಗಿ ಮಾತಾಡಿದ್ದು ಬೆಂಗಳೂರಿನಲ್ಲಿ. ಅದು ಬರೀ ಕ್ಷೀಣ ಪ್ರತಿದೀಪ್ತಿ ಆಗಿರಬಹುದೇ ಎಂಬ ಸಂಶಯವನ್ನು ಅವರ ಗುಂಪು ಮೊದಲ ದಿನಗಳಲ್ಲೇ ಎದುರಿಸಿ, ಬೆಳಕಿನ ಧ್ರುವೀಕರಣವನ್ನು ನೋಡಿ ಬಗೆಹರಿಸಿತ್ತು. ಅದೇ ಎರಡನ್ನು ಇಂದು ಕಾಲದಿಂದ ಬೇರ್ಪಡಿಸುತ್ತಾರೆ: ರಾಮನ್ ಚದುರಿಕೆ ತತ್‌ಕ್ಷಣದ್ದು, ಪ್ರತಿದೀಪ್ತಿ ನ್ಯಾನೊಸೆಕೆಂಡುಗಳಷ್ಟು ತಡವಾಗಿ ಸೋರುವಂಥದು. ರೋಹಿತದರ್ಶಕದ ಹಿಂದೆ ಡಯೋಡುಗಳ ಸಾಲನ್ನಿಟ್ಟು ಮೊದಲ ಕ್ಷಣದ ಕಣಗಳನ್ನಷ್ಟೇ ಒಳಬಿಟ್ಟರೆ ಮೊದಲನೆಯದು ಎದ್ದು ಕಾಣುತ್ತದೆ. ಕೆಂಪಗೆ ಹೊಳೆಯುವ ಪತ್ರಹರಿತ್ತು ಉಳಿದ ಸುಳಿವುಗಳನ್ನು ಮುಳುಗಿಸಿಬಿಡುವ ಹಸಿರೆಲೆಯ ಅಧ್ಯಯನಕ್ಕೆ ಇದು ಸಣ್ಣ ಲಾಭವಲ್ಲ.

ಗಟ್ಟಿಯಾದ ಆಕ್ಷೇಪಗಳು ಬೇರೆ ಇವೆ. ಈ ಅಳತೆ ಅಷ್ಟು ನಂಬಬಹುದಾದ್ದೇ ಎಂಬುದು ಒಂದು. ಐಸ್‌ಸ್ಯಾಟ್-2 ಅಳೆಯುವುದು ಗೆರೆಗಳನ್ನು. ಗೆರೆಗಳ ನಡುವೆ ಕಿಲೋಮೀಟರುಗಟ್ಟಲೆ ಖಾಲಿ. ಮಳೆಗಾಲದ ನಾಲ್ಕು ತಿಂಗಳು ಘಟ್ಟದ ಮೇಲೆ ಮೋಡ. ಎಲೆ ಹಸಿರು ಬೆಳಕಿನ ಬಹುಪಾಲನ್ನು ಹೀರಿಕೊಳ್ಳುವುದರಿಂದ ಮರಳುವ ಕಣ ಕಡಿಮೆ. ದಟ್ಟ ಕಾನಿನಲ್ಲಿ ನೆಲ ತಲುಪಿ ಮರಳುವುದು ಇನ್ನೂ ಕಡಿಮೆ, ಕಡಿದಾದ ಇಳಿಜಾರಿನಲ್ಲಿ ನೆಲ ಯಾವುದು, ಕೊಂಬೆ ಯಾವುದು ಎಂದೇ ಗೊಂದಲ. ಇವೆಲ್ಲ ನಿಜ, ಒಂದು ಮರದ ಎತ್ತರಕ್ಕಾಗಿ ಈ ದತ್ತಾಂಶವನ್ನು ನೆಚ್ಚುವುದು ತಪ್ಪು. ಆದರೆ ಒಂದು ಗ್ರಾಮದ ಕಾಡು ಹತ್ತು ವರ್ಷದಲ್ಲಿ ತಗ್ಗಿತೇ, ನಡುವಿನ ಅಂತಸ್ತು ಬರಿದಾಯಿತೇ ಎಂಬ ಪ್ರಶ್ನೆಗೆ ಗೆರೆಗಳ ಸರಾಸರಿ ಉತ್ತರ ಕೊಡಬಲ್ಲದು. ನಾಲ್ಕೂವರೆ ಅಡಿಯ ಉಂಗುರದಿಂದ ಇಡೀ ಮರವನ್ನು ಊಹಿಸಿದ ಅಳತೆಯನ್ನು ನೂರೈವತ್ತು ವರ್ಷ ಒಪ್ಪಿಕೊಂಡವರು ಈ ಅಳತೆಯಿಂದ ಪರಿಪೂರ್ಣತೆ ಬೇಡುವುದು ನ್ಯಾಯವಲ್ಲ.

ಊರಿನವರಿಗೆ ಮೊದಲೇ ಗೊತ್ತಿರುವುದನ್ನು ಹೇಳಲು ಲೇಸರ್ ಯಾಕೆ ಎಂಬುದು ಇನ್ನೊಂದು. ಇದಕ್ಕೆ ಅರ್ಧ ಉತ್ತರ ಕಣದ ಮಿತಿಯಲ್ಲೇ ಇದೆ. ಕತ್ತಲೆಕಾನಿನ ಜೌಗಿನ ಅಪರೂಪದ ಮರಕ್ಕೂ ಅಷ್ಟೇ ಎತ್ತರದ ಅಕೇಶಿಯಾಕ್ಕೂ ಹಸಿರು ಕಣ ಭೇದ ಮಾಡದು. ಆ ಹೆಸರು ಹೇಳಲು ಕಾಡು ಬಲ್ಲ ಮನುಷ್ಯನೇ ಬೇಕು. ಉಳಿದರ್ಧ ಉತ್ತರವನ್ನು ಚರಿತ್ರೆ ಕೊಡುತ್ತದೆ. ಗೊತ್ತಿರುವುದು ಮತ್ತು ದಾಖಲಾಗಿರುವುದು ಬೇರೆ ಬೇರೆ ಎಂಬುದನ್ನು ಬೆಟ್ಟದ ಜಗಳ, ಕೂಪಿನ ಜಗಳ ಎರಡೂ ಕಲಿಸಿವೆ. ಕಾನು ಹೋದರೆ ಹಳ್ಳ ಬತ್ತುತ್ತದೆ ಎಂದು ಹೇಳಿದವರು ಸೋತದ್ದು ಅವರ ಮಾತು ಸುಳ್ಳಾಗಿದ್ದಕ್ಕಲ್ಲ, ಎದುರಿನವರ ಕೈಯಲ್ಲಿ ಅಂಕಿ ಇದ್ದು ಇವರ ಕೈಯಲ್ಲಿ ಇಲ್ಲದಿದ್ದಕ್ಕೆ. ಬೇಡ್ತಿಯ ವಿಷಯದಲ್ಲಿ ಅಂಕಿ ಕೈಗೆ ಬಂದಾಗ ಫಲ ಬೇರೆಯಾಯಿತು.

ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುವ ಆಕ್ಷೇಪ ಇನ್ನೂ ಉಳಿದಿದೆ. ಅಳೆದದ್ದೆಲ್ಲ ಮಾರಾಟಕ್ಕೆ ಬರುತ್ತದೆ. ಸುತ್ತಳತೆ ಅಳೆದಾಗ ಮರ ನಾಟಾ ಆಯಿತು; ಎತ್ತರ ಅಳೆದಾಗ ಅದರಿಂದ ಇಂಗಾಲದ ತೂಕ ತೆಗೆದು ಕಾಡನ್ನು ಇಂಗಾಲದ ಸರಕಾಗಿಸುವ ಸಾಧ್ಯತೆ ಊಹೆಯಲ್ಲ, ಜಗತ್ತಿನ ಹಲವೆಡೆ ನಡೆದಿರುವ ವ್ಯವಹಾರ. ಈ ಭಯವನ್ನು ತಳ್ಳಿಹಾಕಲಾರೆ. ಆದರೂ ಎರಡು ಅಳತೆಗಳ ನಡುವೆ ಒಂದು ವ್ಯತ್ಯಾಸವಿದೆ. ಕೂಪಿನ ಪುಸ್ತಕ ಇಲಾಖೆಯ ಬೀರುವಿನಲ್ಲಿ ಇತ್ತು, ಊರಿನವರು ಅದನ್ನು ತೆರೆದು ನೋಡುವಂತಿರಲಿಲ್ಲ. ಐಸ್‌ಸ್ಯಾಟ್-2ರ ಕಣಗಳ ಪಟ್ಟಿಯನ್ನು ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಳ್ಳಬಹುದು. ಪ್ರತಿ ನೂರು ಮೀಟರಿಗೆ ನೆಲದ ಮಟ್ಟ, ಮರದ ಎತ್ತರ ಲೆಕ್ಕ ಹಾಕಿದ ಪಟ್ಟಿಯೂ ಅದರಲ್ಲಿದೆ. ಬೀಗ ಇರುವುದು ದತ್ತಾಂಶಕ್ಕಲ್ಲ, ಅದನ್ನು ಓದುವ ತರಬೇತಿಗೆ. ಆ ಬೀಗವನ್ನು ಊರಲ್ಲೇ ತೆಗೆಯಬಹುದು. ತೆಗೆಯದಿದ್ದರೆ ಅದೇ ಪಟ್ಟಿಯನ್ನು ಓದಬಲ್ಲ ಹೊರಗಿನ ಕಂಪನಿ ಮೊದಲು ಬಂದೀತು.

ಬೇಕಾದ ಮಂದಿ, ಸಂಸ್ಥೆಗಳು ಇಲ್ಲೇ ಇವೆ. ಶಿರಸಿಯಲ್ಲಿ ಅರಣ್ಯ ಕಾಲೇಜು ಇದೆ. ಅದರ ವಿದ್ಯಾರ್ಥಿಗಳು ಉಪಗ್ರಹದ ಗೆರೆ ಹಾದ ಜಾಗಕ್ಕೆ ನಡೆದುಹೋಗಿ ಮರದ ಎತ್ತರ ಅಳೆದು, ಹೆಸರು ಬರೆದು ಸರಿಯೋ ತಪ್ಪೋ ಹೇಳಬಲ್ಲರು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ದಾಖಲಾತಿ ಇರಬೇಕು. ಆ ದಾಖಲಾತಿಯಲ್ಲಿ ಈಗ ಗಿಡಮರ, ಪ್ರಾಣಿಗಳ ಪಟ್ಟಿ ಬರೆಯುತ್ತಾರೆ. ಅದರ ಜೊತೆಗೆ ಗ್ರಾಮದ ಕಾನು, ಬೆಟ್ಟ, ನೆಡುತೋಪುಗಳ ಎತ್ತರ ಮತ್ತು ಅಂತಸ್ತಿನ ಒಂದು ಪುಟ ಸೇರಲಿ, ಐದು ವರ್ಷಕ್ಕೊಮ್ಮೆ ಹೊಸದಾಗಲಿ. ನದಿ ತಿರುವು, ವಿದ್ಯುತ್ ಮಾರ್ಗ, ರಸ್ತೆಗಳ ಯೋಜನಾ ವರದಿಗಳು ಇಂದಿಗೂ ಎಷ್ಟು ಹೆಕ್ಟೇರ್ ಅರಣ್ಯ, ಎಷ್ಟು ಮರ ಎಂಬ ಹಳೆಯ ಭಾಷೆಯಲ್ಲೇ ಬರುತ್ತಿವೆ. ಮುಂದಿನ ವರದಿ ಪಂಚಾಯ್ತಿಗೆ ಬಂದು ಅಭಿಪ್ರಾಯ ಕೇಳುವ ದಿನಕ್ಕೆ ಮುಂಚೆ ಆ ಪುಟ ಬರೆದು ಮುಗಿದಿರಬೇಕು. ಸಮಿತಿಗಳ ಸದಸ್ಯರು ಈ ಬೇಸಿಗೆಯಲ್ಲೇ ಆ ಕೆಲಸ ಶುರುಮಾಡಲಿ.